ಪರದೆಯ ಕ್ಯೂಆರ್ ಫೋನಿಗೆ ಸಿಗುತ್ತಿಲ್ಲ, ಸಿಕ್ಕರೂ ಕೆಲಸ ಅರ್ಧಕ್ಕೇ ನಿಲ್ಲುತ್ತಿದೆ

ನಿಟುವಳ್ಳಿ ಡಿಟಿಪಿ, ದಾವಣಗೆರೆ

ನಮಸ್ಕಾರ. ವಿಂಡೋಸ್ 11 ಲ್ಯಾಪ್‌ಟಾಪ್, ಕ್ರೋಮ್ ಬ್ರೌಸರ್, ಆಂಡ್ರಾಯ್ಡ್ ಫೋನ್. ಕಂಪ್ಯೂಟರಿನಲ್ಲಿ ತೆರೆದಿರುವ ಪುಟಕ್ಕೆ ಕ್ಯೂಆರ್ ಮಾಡಿಕೊಂಡು, ಫೋನ್ ಕ್ಯಾಮೆರಾದಲ್ಲಿ ಹಿಡಿದು, ನಿಲ್ಲಿಸಿದ ಜಾಗದಿಂದಲೇ ಫೋನಿನಲ್ಲಿ ಮುಂದುವರಿಸಬೇಕು. ಇಂಗ್ಲಿಷ್ ಪುಟಗಳು ತಟ್ಟನೆ ಸಿಗುತ್ತವೆ, ಕನ್ನಡ ವಿಕಿಪೀಡಿಯ ಪುಟಗಳಿಗೆ ಕ್ಯಾಮೆರಾ ತಡಕಾಡುತ್ತದೆ. ರಾತ್ರಿ ಪರದೆಯ ಬೆಳಕು ಇಳಿಸಿದರೆ ಫೋನಿನಲ್ಲಿ ಕಪ್ಪು ಪಟ್ಟಿಗಳು ಓಡುತ್ತವೆ. ಕೋಡ್ ಸಿಕ್ಕಾಗಲೂ ಪುಟ ಮೊದಲಿನಿಂದ ತೆರೆಯುತ್ತದೆ, ನಕ್ಷೆಯಲ್ಲಿ ಎಳೆದು ಬದಲಿಸಿದ ದಾರಿ ಬರುವುದಿಲ್ಲ, ಅರ್ಧ ತುಂಬಿದ ಫಾರಂ ಖಾಲಿ ಬರುತ್ತದೆ. ತಪ್ಪು ಕ್ಯಾಮೆರಾದ್ದೋ, ಕೋಡಿನದ್ದೋ?

ಚಂದ್ರವಳ್ಳಿ, ಚಿತ್ರದುರ್ಗ

ಸರ್, ಕನ್ನಡ ಪುಟದ ವಿಷಯ ಮೊದಲು. ವಿಳಾಸಪಟ್ಟಿಯಲ್ಲಿ ನಿಮಗೆ ಕನ್ನಡ ಅಕ್ಷರ ಕಂಡರೂ ಕೋಡಿನೊಳಗೆ ಹೋಗುವುದು ಅದರ ಸಂಕೇತ ರೂಪ. ಯುಟಿಎಫ್-8 ಎಂಬ ಅಕ್ಷರ ಸಂಕೇತ ಪದ್ಧತಿಯಲ್ಲಿ ಒಂದೊಂದು ಕನ್ನಡ ಚಿಹ್ನೆಗೆ 3 ಬೈಟ್. ವಿಳಾಸದಲ್ಲಿ ಒಂದೊಂದು ಬೈಟನ್ನೂ % ಸೇರಿಸಿ 3 ಅಕ್ಷರವಾಗಿ ಬರೆಯಬೇಕು. ಅಲ್ಲಿಗೆ ಒಂದು ಚಿಹ್ನೆಗೆ 9 ಅಕ್ಷರ. ಗುಣಿತ, ಒತ್ತು ಎಲ್ಲ ಬೇರೆ ಬೇರೆ ಚಿಹ್ನೆಗಳೇ. ‘ದಾವಣಗೆರೆ’ 8 ಚಿಹ್ನೆ, 72 ಅಕ್ಷರ. ‘ಚಿತ್ರದುರ್ಗ’ 10 ಚಿಹ್ನೆ, 90 ಅಕ್ಷರ. ಮೂರು ನಾಲ್ಕು ಪದದ ಶೀರ್ಷಿಕೆ ಇದ್ದರೆ ವಿಳಾಸ ಸುಲಭವಾಗಿ 300 ಮುಟ್ಟುತ್ತದೆ.

20 ಅಕ್ಷರದ ಚಿಕ್ಕ ವಿಳಾಸಕ್ಕೆ, ಮಧ್ಯಮ ದೋಷ ತಿದ್ದುವಿಕೆ ಮಟ್ಟದಲ್ಲಿ (ಕೋಡಿನ ಸ್ವಲ್ಪ ಭಾಗ ಹಾಳಾದರೂ ಓದಲು ಬರುವಂತೆ ಮಾಡುವ ಏರ್ಪಾಡು), 25×25 ಕಪ್ಪು-ಬಿಳಿ ಮನೆಗಳ ಚೌಕ ಸಾಕು. ಅದೇ ಮಟ್ಟದಲ್ಲಿ 300 ಅಕ್ಷರಕ್ಕೆ 69×69 ಬೇಕು. 200 ಪಿಕ್ಸೆಲ್ ಅಗಲದ ಚೌಕದಲ್ಲಿ 69 ಮನೆ ಎಂದರೆ ಒಂದು ಮನೆಗೆ 3 ಪಿಕ್ಸೆಲ್ ಕೂಡ ದಕ್ಕುವುದಿಲ್ಲ. ಕ್ಯಾಮೆರಾ ತಡಕಾಡುವುದು ಅದಕ್ಕೇ.

ಕ್ರೋಮ್‌ನಲ್ಲಿ ಮೂರು ಚುಕ್ಕಿ ಒತ್ತಿ, ಕಾಸ್ಟ್-ಸೇವ್-ಶೇರ್ ಒಳಗೆ ಕ್ರಿಯೇಟ್ ಕ್ಯೂಆರ್ ಕೋಡ್ ತೆರೆಯಿರಿ. ಆ ಚಿಕ್ಕ ಕಿಟಕಿಯ ಕೋಡ್ ಕಂಟ್ರೋಲ್ ಮತ್ತು ಪ್ಲಸ್ ಒತ್ತಿದರೆ ದೊಡ್ಡದಾಗುವುದಿಲ್ಲ, ಪುಟ ಮಾತ್ರ ದೊಡ್ಡದಾಗುತ್ತದೆ. ಅಲ್ಲೇ ಇರುವ ಡೌನ್‌ಲೋಡ್ ಒತ್ತಿ, ಚಿತ್ರವನ್ನು ಫೋಟೋ ಆ್ಯಪ್‌ನಲ್ಲಿ ತೆರೆದು ಹಿಗ್ಗಿಸಿ. ಸುತ್ತ 4 ಮನೆಯಷ್ಟು ಬಿಳಿ ಅಂಚು ಉಳಿದಿರಲಿ, ಅದು ಕತ್ತರಿಸಿಹೋದರೆ ಕೋಡ್ ಎಲ್ಲಿ ಶುರುವಾಯಿತೆಂದು ಫೋನಿಗೆ ತಿಳಿಯದು. ವಿಕಿಪೀಡಿಯಕ್ಕಾದರೆ ಇನ್ನೂ ಸುಲಭ ದಾರಿಯಿದೆ: ಪುಟದ ಟೂಲ್ಸ್ ಪಟ್ಟಿಯಲ್ಲೇ ಚಿಕ್ಕ ವಿಳಾಸ ಪಡೆಯುವ ಕೊಂಡಿಯೂ ಕ್ಯೂಆರ್ ಇಳಿಸಿಕೊಳ್ಳುವ ಕೊಂಡಿಯೂ ಇವೆ.

ಪಿ.ಜೆ. ಬಡಾವಣೆ, ದಾವಣಗೆರೆ

ಪಟ್ಟಿಗಳ ಬಗ್ಗೆ: ಬೆಳಕು ತಗ್ಗಿಸಿದಾಗ ಬಹಳಷ್ಟು ಪರದೆಗಳು ನಿಜವಾಗಿ ಮಂಕಾಗುವುದಿಲ್ಲ, ಬೆಳಕನ್ನು ಸೆಕೆಂಡಿಗೆ ನೂರಾರು ಸಲ ಆರಿಸಿ ಹೊತ್ತಿಸುತ್ತವೆ. ಕಣ್ಣಿಗೆ ಅದು ಗೊತ್ತಾಗುವುದಿಲ್ಲ. ಫೋನಿನ ಸೆನ್ಸರ್ ಚಿತ್ರವನ್ನು ಸಾಲು ಸಾಲಾಗಿ ಓದುವುದರಿಂದ, ಆರಿದ ಗಳಿಗೆಯಲ್ಲಿ ಓದಿದ ಸಾಲುಗಳು ಕಪ್ಪಾಗುತ್ತವೆ. ಕೋಡ್ ಹಿಡಿಯುವಷ್ಟು ಹೊತ್ತು ಬೆಳಕನ್ನು 80 ಶೇಕಡಾಕ್ಕೆ ಏರಿಸಿ. ಬಿಳಿ ಭಾಗ ಉಬ್ಬಿದಂತೆ ಕಂಡರೆ ಫೋನಿನಲ್ಲಿ ಕೋಡಿನ ಮೇಲೆ ಬೆರಳಿಟ್ಟು ಫೋಕಸ್ ಮಾಡಿ.

ಅಲೆಅಲೆಯ ಬಣ್ಣದ ಗೆರೆ ಕಂಡರೆ ಅದು ಬೇರೆ ಸಂಗತಿ. ಪರದೆಯ ಪಿಕ್ಸೆಲ್ ಜಾಲ, ಸೆನ್ಸರಿನ ಜಾಲ ಒಂದರ ಮೇಲೊಂದು ಬಿದ್ದಾಗ ಹಾಗಾಗುತ್ತದೆ. ಫೋನನ್ನು ತುಸು ಓರೆ ಮಾಡಿ, ಇಲ್ಲವೇ ಒಂದು ಗೇಣು ಹಿಂದೆ ಸರಿಸಿ 2 ಪಟ್ಟು ಜೂಮ್ ಮಾಡಿ. ಪರದೆಗೆ ಫೋನನ್ನು ಅಂಟಿಸಿ ಹಿಡಿಯುವವರೇ ಹೆಚ್ಚು, ಅಷ್ಟು ಹತ್ತಿರದಲ್ಲಿ ಮುಖ್ಯ ಕ್ಯಾಮೆರಾಕ್ಕೆ ಫೋಕಸ್ ಸಿಗುವುದಿಲ್ಲ. ಪುಟವನ್ನು ಕಪ್ಪಾಗಿಸುವ ಎಕ್ಸ್‌ಟೆನ್ಷನ್ ಇದ್ದರೆ ಆರಿಸಿ. ಕಪ್ಪು-ಬಿಳಿ ಅದಲುಬದಲಾದ ಕೋಡನ್ನು ಎಲ್ಲ ಸ್ಕ್ಯಾನರ್‌ಗಳೂ ಓದವು.

ನಿಟುವಳ್ಳಿ ಡಿಟಿಪಿ

ಬೆಳಕು ಏರಿಸಿ, ಚಿತ್ರ ಇಳಿಸಿ ಹಿಗ್ಗಿಸಿದ ಮೇಲೆ ಕನ್ನಡ ಪುಟಗಳೂ ಸಿಗುತ್ತಿವೆ, ಥ್ಯಾಂಕ್ಸ್ ಅಣ್ಣ. ನಿಲ್ಲಿಸಿದ ಜಾಗ, ನಕ್ಷೆಯ ದಾರಿ, ಫಾರಂ ಇನ್ನೂ ಹಾಗೇ ಇವೆ.

ಚಂದ್ರವಳ್ಳಿ, ಚಿತ್ರದುರ್ಗ

ಕ್ಯಾಮೆರಾ ದಾಟಿಸುವುದು ವಿಳಾಸವನ್ನು ಮಾತ್ರ ಸರ್. ಕೆಲಸದ ಸ್ಥಿತಿ ವಿಳಾಸದೊಳಗೆ ಇದ್ದರೆ ಬರುತ್ತದೆ, ಬ್ರೌಸರಿನ ನೆನಪಿನಲ್ಲಿದ್ದರೆ ಅಲ್ಲೇ ಉಳಿಯುತ್ತದೆ. ಈ ಅಡಚಣೆ ಹಳೆಯದು. 2011ರಲ್ಲಿ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ತ್ಸುಂಗ್-ಶಿಯಾಂಗ್ ಚಾಂಗ್, ಗೂಗಲ್‌ನ ಯಾಂಗ್ ಲಿ ಸೇರಿ ಡೀಪ್ ಶಾಟ್ ಎಂಬ ವ್ಯವಸ್ಥೆ ತೋರಿಸಿದ್ದರು. ಅದರಲ್ಲಿ ಕ್ಯೂಆರ್ ಕೂಡ ಬೇಡ, ಪರದೆಯ ಫೋಟೋ ತೆಗೆದರೆ ಯಾವ ಕಿಟಕಿಯೆಂದು ಗುರುತಿಸಿ ಆ ಕೆಲಸ ಫೋನಿನಲ್ಲಿ ತೆರೆಯುತ್ತಿತ್ತು. ಅಲ್ಲೂ ಒಳಗೆ ದಾಟುತ್ತಿದ್ದದ್ದು ಸ್ಥಿತಿಯನ್ನು ಹೊತ್ತ ವಿಳಾಸವೇ. ಜೊತೆಗೆ ಎರಡೂ ಕಡೆ ಅದರ ಸಾಫ್ಟ್‌ವೇರ್ ಇರಬೇಕಿತ್ತು.

ಹಾಗಾಗಿ ಕೋಡ್ ಮಾಡುವ ಮೊದಲೇ ಪರೀಕ್ಷಿಸಿಕೊಳ್ಳಿ. ವಿಳಾಸ ಕಾಪಿ ಮಾಡಿ, ಕಂಟ್ರೋಲ್-ಶಿಫ್ಟ್-ಎನ್ ಒತ್ತಿ ಅಜ್ಞಾತ ಕಿಟಕಿಯಲ್ಲಿ ಅಂಟಿಸಿ. ಅಲ್ಲಿ ಅದೇ ಜಾಗ ಕಂಡರೆ ಫೋನಿಗೂ ಬರುವ ಸಾಧ್ಯತೆ ಬಹುಪಾಲು ಇದೆ. ಲಾಗಿನ್ ಕೇಳಿದರೆ, ಆ ಖಾತೆ ಫೋನಿನಲ್ಲಿ ಮೊದಲೇ ತೆರೆದಿರದಿದ್ದರೆ ಅಲ್ಲೂ ಕೇಳುತ್ತದೆ.

ಓದುತ್ತಿದ್ದ ಜಾಗ ಬೇಕಾದರೆ ಆ ಸಾಲಿನ ಎರಡು ಮೂರು ಪದ ಆಯ್ದು, ಮೌಸಿನ ಬಲಗುಂಡಿ ಒತ್ತಿ ಕಾಪಿ ಲಿಂಕ್ ಟು ಹೈಲೈಟ್ ತೆಗೆದುಕೊಳ್ಳಿ. ಆ ಪದಗಳೂ ವಿಳಾಸಕ್ಕೆ ಸೇರುತ್ತವೆ, ಚಿಹ್ನೆಗೆ 9 ಅಕ್ಷರದ ಲೆಕ್ಕ ಇಲ್ಲೂ ಬಿಡದು, ಇಡೀ ವಾಕ್ಯ ಆಯಬೇಡಿ. ಆ ವಿಳಾಸವನ್ನು ಹೊಸ ಟ್ಯಾಬ್‌ನಲ್ಲಿ ತೆರೆಯುವುದಕ್ಕಿಂತ ಕ್ಯೂಆರ್ ಕಿಟಕಿಯ ಅಕ್ಷರದ ಜಾಗದಲ್ಲೇ ಅಂಟಿಸುವುದು ಒಳ್ಳೆಯದು. ಯೂಟ್ಯೂಬಿಗೆ ವಿಡಿಯೋ ಮೇಲೆ ಬಲಗುಂಡಿ ಒತ್ತಿದರೆ ಸದ್ಯದ ಸಮಯ ಸೇರಿದ ವಿಳಾಸ ಸಿಗುತ್ತದೆ.

ನಕ್ಷೆಯಲ್ಲಿ ದಾರಿಯನ್ನು ಎಳೆದು ಬದಲಿಸುವುದನ್ನು ನಂಬಬೇಡಿ. ದಾವಣಗೆರೆಯಿಂದ ಚನ್ನಗಿರಿಗೆ ಸಂತೆಬೆನ್ನೂರು, ಸೂಳೆಕೆರೆ ಮೇಲೆ ಹೋಗಬೇಕಿದ್ದರೆ ಅವೆರಡನ್ನೂ ನಿಲುಗಡೆಗಳಾಗಿ ಸೇರಿಸಿ, ಶೇರ್ ಒತ್ತಿ ಬರುವ ಚಿಕ್ಕ ವಿಳಾಸಕ್ಕೆ ಕೋಡ್ ಮಾಡಿ. ಗೂಗಲ್ ನಕ್ಷೆಯ ವಿಳಾಸ ನೀವೇ ಬರೆದು ತಯಾರಿಸುವುದಾದರೆ ಫೋನಿನ ಬ್ರೌಸರಿಗೆ ನಡುವಿನ ನಿಲುಗಡೆ 3ರ ಮಿತಿ ಇದೆ, ಉಳಿದ ಕಡೆ 9.

ಪಿ.ಜೆ. ಬಡಾವಣೆ, ದಾವಣಗೆರೆ

ಫಾರಂ ಕ್ಯಾಮೆರಾದಿಂದ ಬರುವುದಿಲ್ಲ. ಸಲ್ಲಿಸುವವರೆಗೆ ತುಂಬಿದ್ದೆಲ್ಲ ಆ ಪುಟದಲ್ಲೇ ಇರುತ್ತದೆ. ಸೇವ್ ಡ್ರಾಫ್ಟ್ ಇದ್ದರೆ ಅಲ್ಲಿ ಉಳಿಸಿ, ಫೋನಿನಲ್ಲಿ ಅದೇ ಖಾತೆಯಿಂದ ತೆರೆಯಿರಿ. ಇಲ್ಲದಿದ್ದರೆ ಕಂಪ್ಯೂಟರಿನಲ್ಲೇ ಮುಗಿಸಿ. ಲಾಗಿನ್ ಆದ ಮೇಲೆ ವಿಳಾಸದ ಕೊನೆಗೆ ಅಕ್ಷರ-ಅಂಕಿಗಳ ಉದ್ದ ಸರಮಾಲೆ ಬಂದಿದ್ದರೆ ಅದನ್ನು ಹೊರಗಿನ ಕ್ಯೂಆರ್ ತಾಣಗಳಲ್ಲಿ ಅಂಟಿಸಬೇಡಿ, ಅದೇ ನಿಮ್ಮ ಬೀಗದ ಕೈ ಆಗಿರಬಹುದು.

ನಿಟುವಳ್ಳಿ ಡಿಟಿಪಿ

ನಿಲುಗಡೆ ಸೇರಿಸಿದ ದಾರಿ ಸೂಳೆಕೆರೆ ಸಮೇತ ಫೋನಿಗೆ ಬಂತು. ಆದರೆ ನನ್ನ ಲ್ಯಾಪ್‌ಟಾಪಿನ ಡ್ರೈವ್‌ನಲ್ಲಿರುವ ಪಿಡಿಎಫ್‌ಗೆ ಮಾಡಿದ ಕೋಡ್ ಫೋನಿನಲ್ಲಿ ತೆರೆಯುತ್ತಿಲ್ಲ.

ಚಂದ್ರವಳ್ಳಿ, ಚಿತ್ರದುರ್ಗ

ವಿಳಾಸ ಫೈಲ್ ಎಂದು ಶುರುವಾಗಿ ಸಿ ಅಥವಾ ಡಿ ಡ್ರೈವ್ ತೋರಿಸಿದರೆ ಅದು ನಿಮ್ಮ ಯಂತ್ರದೊಳಗಿನ ದಾರಿ ಸರ್, ಫೋನಿಗೆ ಅಲ್ಲಿಗೆ ಪ್ರವೇಶವಿಲ್ಲ. ಗೂಗಲ್ ಡ್ರೈವ್‌ಗೆ ಏರಿಸಿ, ಆ ಕೊಂಡಿಗೆ ಕೋಡ್ ಮಾಡಿ. ಪುಟಸಂಖ್ಯೆ ಜೊತೆಗೆ ಬರುವುದಿಲ್ಲ, ಅದನ್ನು ಫೈಲಿನ ಹೆಸರಲ್ಲೇ ಸೇರಿಸಿಡಿ.