ರಾತ್ರಿ ಹೊತ್ತಿನ ಪಶು ಆಸ್ಪತ್ರೆ: ಕೌಂಟರಿನಲ್ಲಿ ಮೊದಲು ಏನು ಹೇಳಬೇಕು?

ಪ್ರಶ್ನೆ (ಮೈಸೂರಿನಿಂದ)

ನಮ್ಮ ಮನೆಯ 6 ವರ್ಷದ ಜರ್ಮನ್ ಶೆಫರ್ಡ್ ಕಳೆದ ಭಾನುವಾರ ರಾತ್ರಿ ಹನ್ನೊಂದರ ಹೊತ್ತಿಗೆ ಓಕರಿಸತೊಡಗಿತು. ಹೊಟ್ಟೆ ಊದಿಕೊಂಡಿತ್ತು, ಬಾಯಿಂದ ನೊರೆಯಲ್ಲದೆ ಬೇರೇನೂ ಬರುತ್ತಿರಲಿಲ್ಲ. 24 ಗಂಟೆಯೂ ತೆರೆದಿರುತ್ತದೆಂದು ಬೋರ್ಡು ಹಾಕಿಕೊಂಡಿರುವ ಖಾಸಗಿ ಆಸ್ಪತ್ರೆಯೊಂದಕ್ಕೆ ಕರೆದೊಯ್ದರೆ, 10,000 ರೂಪಾಯಿ ಮುಂಗಡ ಕಟ್ಟಿಸಿಕೊಂಡು ಒಂದೂಕಾಲು ಗಂಟೆ ಬೆಂಚಿನ ಮೇಲೆ ಕೂರಿಸಿದರು. ಕೊನೆಗೆ ‘ಗ್ಯಾಸ್’ ಎಂದು ಎರಡು ಇಂಜೆಕ್ಷನ್ ಕೊಟ್ಟು ಕಳುಹಿಸಿದರು. ನಾಯಿ ಚೇತರಿಸಿಕೊಂಡಿದೆ, ನಮ್ಮ ಸಿಟ್ಟು ಮಾತ್ರ ಇಳಿದಿಲ್ಲ. ಕೈಯಲ್ಲಿರುವುದು ಒಂದು ಬಿಲ್ ಅಷ್ಟೇ. ಇನ್ನೊಮ್ಮೆ ಹೀಗಾದರೆ ಏನು ಮಾಡಬೇಕು, ಈ ಸಲದ್ದನ್ನು ಯಾರ ಬಳಿ ಕೇಳಬೇಕು ಎಂಬುದನ್ನು ಅನುಭವವಿರುವವರು ದಯವಿಟ್ಟು ತಿಳಿಸಿ.

ಬೆಂಗಳೂರಿನಿಂದ, ಬೆಕ್ಕು ಸಾಕಿರುವವರು

ತಮ್ಮ ಒಂದೂಕಾಲು ಗಂಟೆಯ ಮಾತು ಓದಿ ಎರಡು ವರ್ಷದ ಹಿಂದಿನ ನಮ್ಮ ರಾತ್ರಿ ನೆನಪಾಯಿತು. ನಮ್ಮ ಗಂಡು ಬೆಕ್ಕು ಗುಂಡ ಸಂಜೆಯಿಂದ ಮರಳಿನ ಟ್ರೇಗೆ ಹೋಗುವುದು, ಕೂರುವುದು, ಎದ್ದು ಬರುವುದು, ಮತ್ತೆ ಹೋಗುವುದು, ಇಷ್ಟನ್ನೇ ಮಾಡುತ್ತಿತ್ತು. ಮಲಬದ್ಧತೆಯಿರಬೇಕೆಂದು ನಾವು ಸಿಹಿಗುಂಬಳ ಬೇಯಿಸಿ ತಿನ್ನಿಸಲು ನೋಡಿದೆವು. ಈಗ ನೆನೆದರೆ ನಾಚಿಕೆಯಾಗುತ್ತದೆ. ಹನ್ನೆರಡು ಗಂಟೆಗೆ ಟ್ರೇಯನ್ನು ಕೆದಕಿ ನೋಡಿದಾಗ ಮರಳು ಬೆಳಿಗ್ಗೆ ಹಾಕಿದಂತೆಯೇ ಇತ್ತು, ಎಲ್ಲೂ ಒಂದು ಹಸಿ ಉಂಡೆ ಸಿಗಲಿಲ್ಲ.

ಆದರೂ ಕೌಂಟರಿನಲ್ಲಿ ‘ಏನಾಗಿದೆ?’ ಎಂದು ಕೇಳಿದಾಗ ನನ್ನ ಬಾಯಿಂದ ಬಂದದ್ದು ‘ಬೆಳಿಗ್ಗೆಯಿಂದ ಸಪ್ಪಗಿದೆ, ಊಟ ಬಿಟ್ಟಿದೆ’ ಎಂಬ ಮಾತು. ಅಲ್ಲಿದ್ದ ಹುಡುಗ ಅದನ್ನೇ ಕಂಪ್ಯೂಟರಿಗೆ ಹಾಕಿ, 20,000 ಮುಂಗಡ ಹೇಳಿ, ಟೋಕನ್ ಕೊಟ್ಟ. ಕಿವಿ ಕೆರೆದುಕೊಳ್ಳುತ್ತಿದ್ದ ಪಗ್ ಒಂದು ನಮಗಿಂತ ಮುಂದೆ ಒಳಗೆ ಹೋಯಿತು. ಒಂದು ಗಂಟೆ ನಲವತ್ತು ನಿಮಿಷ ಬೆಕ್ಕನ್ನು ಯಾರೂ ಮುಟ್ಟಲಿಲ್ಲ. ಪಕ್ಕದಲ್ಲಿ ಕುಳಿತಿದ್ದ ಹೆಂಗಸೊಬ್ಬರು ಬುಟ್ಟಿಯೊಳಗೆ ಇಣುಕಿ, ‘ಗಂಡು ಬೆಕ್ಕಾ? ಮೂತ್ರ ಮಾಡಿದೆಯಾ?’ ಎಂದು ಕೇಳಿ, ನನ್ನ ಉತ್ತರಕ್ಕೂ ಕಾಯದೆ ಕೌಂಟರಿಗೆ ಹೋಗಿ ‘ಇದಕ್ಕೆ ಮೂತ್ರ ಕಟ್ಟಿದೆ’ ಎಂದರು. ಐದೇ ನಿಮಿಷಕ್ಕೆ ಡ್ಯೂಟಿ ಡಾಕ್ಟರ್ ಬಂದರು. ಹೊಟ್ಟೆಯ ಕೆಳಗೆ ನನ್ನ ಕೈಯನ್ನೂ ಇರಿಸಿ ತೋರಿಸಿದರು: ಮೂತ್ರಕೋಶ ಮೂಸಂಬಿಯಂತೆ ಗಟ್ಟಿಯಾಗಿತ್ತು. ಗಂಡು ಬೆಕ್ಕಿನ ಮೂತ್ರನಾಳ ಬಹಳ ಕಿರಿದಾದ್ದರಿಂದ ಹರಳು ಸಿಕ್ಕಿಕೊಂಡರೆ ಪೂರ್ತಿ ಮುಚ್ಚಿಹೋಗುತ್ತದೆಂದೂ, ರಕ್ತದಲ್ಲಿ ಪೊಟ್ಯಾಸಿಯಂ ಏರಿ ಹೃದಯವೇ ನಿಲ್ಲಬಹುದೆಂದೂ ಆಗಲೇ ತಿಳಿದದ್ದು. ಅರಿವಳಿಕೆ ಕೊಟ್ಟು ಕ್ಯಾತಿಟರ್ ಹಾಕಿದರು, ಮೂರು ದಿನ ಇಟ್ಟುಕೊಂಡರು. ಗುಂಡ ಉಳಿದ.

ನಾನು ಹೇಳಿದ ಮಾತು ಸರಿಯಿರಲಿಲ್ಲ ಎಂಬುದನ್ನು ಒಪ್ಪುತ್ತೇನೆ. ಆದರೆ ಗಂಡು ಬೆಕ್ಕು ತಂದವರನ್ನು ‘ಮೂತ್ರ ಮಾಡಿದೆಯೇ’ ಎಂದು ಕೇಳಬೇಕಾದದ್ದು ಆಸ್ಪತ್ರೆಯವರ ಕೆಲಸ, ಪಕ್ಕದ ಬೆಂಚಿನವರದಲ್ಲ. ಈ ವಿಷಯದಲ್ಲಿ ನನ್ನ ಸಿಟ್ಟು ಇಂದಿಗೂ ಹಾಗೆಯೇ ಇದೆ. ಅವರು ಕೇಳದಿದ್ದರೆ ನಾವೇ ಹೇಳಬೇಕು: ಪ್ರಾಣಿಗೆ ಏನು ಆಗುತ್ತಿಲ್ಲ, ಎಷ್ಟು ಹೊತ್ತಿನಿಂದ ಆಗುತ್ತಿಲ್ಲ ಎಂಬುದನ್ನು. ‘ಹುಷಾರಿಲ್ಲ’ ಎಂದು ಶುರುಮಾಡಿದರೆ ಸಾಲಿನ ಕೊನೆಗೇ ಹೋಗುತ್ತೇವೆ. ಈಗ ನಾನು ಹೊರಡುವ ಮೊದಲು ಫೋನು ಮಾಡಿ, ಡಾಕ್ಟರ್ ಆಸ್ಪತ್ರೆಯಲ್ಲೇ ಇದ್ದಾರೆಯೇ ಅಥವಾ ಕರೆದರೆ ಬರುವವರೇ, ಅಗತ್ಯ ಬಿದ್ದರೆ ಈ ರಾತ್ರಿಯೇ ಆಪರೇಷನ್ ಆಗುತ್ತದೆಯೇ ಎಂದು ಕೇಳುತ್ತೇನೆ. ಮುಂಗಡ ಕೇಳುವುದರ ಬಗ್ಗೆ ನನ್ನ ತಕರಾರಿಲ್ಲ. ಒಬ್ಬರು ಹಣ ಕಟ್ಟುತ್ತಿರುವಾಗ ಇನ್ನೊಬ್ಬರು ಪ್ರಾಣಿಯನ್ನು ಒಳಗೆ ಒಯ್ಯುವಂತಿರಬೇಕು, ಅಷ್ಟೇ.

ಹಾಸನದಿಂದ, ನಿವೃತ್ತ ಪಶುವೈದ್ಯರು

ಓಕರಿಕೆ ಬಂದರೂ ವಾಂತಿಯಾಗದೆ ಹೊಟ್ಟೆ ಊದುವುದು, ಅದರಲ್ಲೂ ಜರ್ಮನ್ ಶೆಫರ್ಡ್, ಗ್ರೇಟ್ ಡೇನ್‌ನಂತಹ ಆಳವಾದ ಎದೆಗೂಡಿನ ತಳಿಗಳಲ್ಲಿ, ಜಠರ ಉಬ್ಬಿ ತಿರುಚಿಕೊಂಡಿರುವುದರ ಲಕ್ಷಣವಾಗಿರಬಹುದು. ತಿರುಚಿಕೊಂಡಿದ್ದರೆ ಆಪರೇಷನ್ ಇಲ್ಲದೆ ನಾಯಿ ಉಳಿಯುವುದಿಲ್ಲವಾದ್ದರಿಂದ, ತಮ್ಮ ನಾಯಿಗೆ ಬರೀ ಗಾಳಿ ತುಂಬಿಕೊಂಡಿತ್ತೆಂದೇ ಕಾಣುತ್ತದೆ. ಆದರೆ ಇವೆರಡರಲ್ಲಿ ಯಾವುದೆಂಬುದು ಕೈಯಿಂದ ಮುಟ್ಟಿ ತೀರ್ಮಾನವಾಗುವ ವಿಷಯವಲ್ಲ. ಬಲಮಗ್ಗುಲಿಗೆ ಮಲಗಿಸಿ ಎಕ್ಸ್-ರೇ ತೆಗೆಯಬೇಕು. ತೆಗೆದಿದ್ದರೇ ಎಂಬುದೇ ತಾವು ಆ ಆಸ್ಪತ್ರೆಯನ್ನು ಕೇಳಬೇಕಾದ ಮೊದಲ ಪ್ರಶ್ನೆ.

ರಾತ್ರಿ ಪಾಳಿಯಲ್ಲಿ ಸಾಮಾನ್ಯವಾಗಿ ಒಬ್ಬರೇ ವೈದ್ಯರಿರುತ್ತಾರೆ; ಒಳಗೆ ಫಿಟ್ಸ್ ಬಂದ ನಾಯಿಯಿದ್ದರೆ ಹೊರಗಿನವರು ಕಾಯಲೇಬೇಕಾಗುತ್ತದೆ. ಕಾಯುವಾಗ ತಾವೇ ಒಸಡನ್ನು ಬೆರಳಿನಿಂದ ಒತ್ತಿ ಬಿಡಿ. ಬಿಳಿಚಿದ ಜಾಗ 2 ಸೆಕೆಂಡಿನೊಳಗೆ ಮತ್ತೆ ಗುಲಾಬಿ ಬಣ್ಣಕ್ಕೆ ಬರಬೇಕು. ಬರದಿದ್ದರೆ, ಅಥವಾ ಒಸಡೇ ಬಿಳಿಚಿಕೊಂಡಿದ್ದರೆ, ಸಂಕೋಚ ಬಿಟ್ಟು ಒಳಗೆ ಹೋಗಿ ಹೇಳಿ. 1962ಕ್ಕೆ ಕರೆ ಮಾಡಿದರೆ ಬರುವ ಸಂಚಾರಿ ಚಿಕಿತ್ಸಾ ವಾಹನಗಳು ಮುಖ್ಯವಾಗಿ ರೈತರ ಜಾನುವಾರುಗಳಿಗೆಂದು ಇರುವಂಥವು. ನಗರದಲ್ಲಿ ನಡುರಾತ್ರಿ ಅದನ್ನೇ ನೆಚ್ಚಿ ಕೂರಬೇಡಿ. ಮನೆಯಲ್ಲಿರುವ ಮಾತ್ರೆಗಳನ್ನೂ ಕೊಡಬೇಡಿ. ಬೆಕ್ಕಿಗೆ ಪ್ಯಾರಾಸಿಟಮಾಲ್ ವಿಷ.

ಹುಬ್ಬಳ್ಳಿಯಿಂದ

ಕಾಗದಪತ್ರಗಳ ಬಗ್ಗೆ ಮಾತ್ರ ಹೇಳುತ್ತೇನೆ. ನಮ್ಮ ನಾಯಿಮರಿಗೆ ಪಾರ್ವೋ (ವಾಂತಿ-ಭೇದಿ ತರುವ ವೈರಸ್ ಕಾಯಿಲೆ) ಬಂದಾಗ ಬಿಲ್‌ನಲ್ಲಿ ಒಂದೇ ದಿನ ಎರಡು ರಕ್ತಪರೀಕ್ಷೆ ಹಾಕಿದ್ದರು. ಜಗಳಕ್ಕೆ ಹೋಗದೆ, ಎರಡರ ವರದಿಯನ್ನೂ, ಚಿಕಿತ್ಸೆಯ ವಿವರವನ್ನೂ ಕೊಡಿರೆಂದು ಇ-ಮೇಲ್ ಬರೆದೆ. ವರದಿ ಒಂದೇ ಬಂತು, ಇನ್ನೊಂದರ ಹಣ ವಾಪಸಾಯಿತು. ಬಾಯಿಮಾತಿನಲ್ಲಿ ಕೇಳಿದ್ದಾಗ ಇದೇ ಜನ ‘ಸಿಸ್ಟಮ್ ಡೌನ್ ಇದೆ’ ಎಂದಿದ್ದರು.

ಅದಕ್ಕೂ ಜಗ್ಗದಿದ್ದರೆ ಎರಡು ದಾರಿಗಳಿವೆ. ವೈದ್ಯರ ವೃತ್ತಿ ನಡತೆಯ ದೂರನ್ನು ಅವರು ನೋಂದಣಿಯಾಗಿರುವ ರಾಜ್ಯ ಪಶುವೈದ್ಯಕೀಯ ಪರಿಷತ್ತಿಗೆ ಕೊಡಬಹುದು. ಹಣ ಪಡೆದು ಕೊಟ್ಟ ಸೇವೆಯಲ್ಲಿ ಲೋಪವಾಗಿದ್ದರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ಜಿಲ್ಲಾ ಗ್ರಾಹಕ ಆಯೋಗಕ್ಕೆ 2 ವರ್ಷದೊಳಗೆ ಹೋಗಬಹುದು. ಕೊಟ್ಟ ಹಣ 5 ಲಕ್ಷದೊಳಗಿದ್ದರೆ ಶುಲ್ಕವಿಲ್ಲ. ಮೊದಲು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನು ಮಾಡಿ ವಿಚಾರಿಸಿಕೊಳ್ಳಿ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಕೃತಜ್ಞತೆಗಳು. ಡಾಕ್ಟರರ ಮಾತು ಓದಿದ ಮೇಲೆ ಬಿಲ್ ತೆಗೆದು ನೋಡಿದೆ. ಎಕ್ಸ್-ರೇ ಅದರಲ್ಲಿ ಇಲ್ಲವೇ ಇಲ್ಲ. ‘ತುರ್ತು ತಪಾಸಣೆ’ ಮಾತ್ರ ಎರಡು ಸಲ ಇದೆ. ಕೌಂಟರಿನಲ್ಲಿ ನಾನು ಹೇಳಿದ್ದು ‘ವಾಂತಿ’ ಎಂದು. ವಾಂತಿ ಬರುತ್ತಲೇ ಇರಲಿಲ್ಲ ಎಂಬುದನ್ನು ಹೇಳಿರಲಿಲ್ಲ. ಇ-ಮೇಲ್ ಈಗಷ್ಟೇ ಕಳುಹಿಸಿದ್ದೇನೆ.