ಸಹಾಯ ಬೇಕು: ಕಾರ್ಡಿನಲ್ಲಿ ಬರುವ ಜರ್ಮನ್ ಪದ ವಾಕ್ಯದಲ್ಲಿ ತಪ್ಪುತ್ತಿದೆ

ನಮಸ್ಕಾರ. ಮಂಗಳೂರಿನಲ್ಲಿ ಹನ್ನೆರಡು ಮಂದಿ ನರ್ಸಿಂಗ್ ವಿದ್ಯಾರ್ಥಿನಿಯರಿಗೆ ಜರ್ಮನ್ ಕಲಿಸುತ್ತಿದ್ದೇನೆ. ಕನ್ನಡದಲ್ಲಿ ಚಮಚ, ಫೋರ್ಕ್, ಚಾಕು ಮೂರೂ ನಪುಂಸಕ ಲಿಂಗ. ಜರ್ಮನ್‌ನಲ್ಲಿ ಚಮಚ ಪುಲ್ಲಿಂಗ, ಫೋರ್ಕ್ ಸ್ತ್ರೀಲಿಂಗ, ಚಾಕು ಮಾತ್ರ ನಪುಂಸಕ. ಅದಕ್ಕೇ ನೀಲಿ, ಕೆಂಪು, ಹಸಿರು ಕಾರ್ಡು ಮಾಡಿದ್ದೇವೆ. ಸೆಬಾಸ್ಟಿಯನ್ ಲೈಟ್ನರ್ ಪದ್ಧತಿಯಂತೆ ರಟ್ಟಿನ ಪೆಟ್ಟಿಗೆಯಲ್ಲಿ ಐದು ಖಾನೆ: ಸರಿ ಹೇಳಿದ ಕಾರ್ಡು ಮುಂದಿನ ಖಾನೆಗೆ, ತಪ್ಪಿದ್ದು ಮರಳಿ ಮೊದಲನೆಯದಕ್ಕೆ.

ಚಮಚದ ಕಾರ್ಡು ತೋರಿಸಿದರೆ ‘ಡೆರ್ ಲೋಫೆಲ್’ ಎಂದು ಥಟ್ಟನೆ ಹೇಳುತ್ತಾರೆ; ‘ಲೋಫೆಲ್’ ಎಂದರೆ ಚಮಚ, ‘ಡೆರ್’ ಅದು ಪುಲ್ಲಿಂಗ ಎಂದು ತೋರಿಸುವ ಪದ. ‘ಚಮಚವನ್ನು ಕೊಡಿ’ ಎನ್ನಬೇಕಾದಾಗ ಮಾತ್ರ, ದ್ವಿತೀಯಾ ವಿಭಕ್ತಿಯಲ್ಲಿ ‘ಡೆನ್’ ಆಗಬೇಕಾದದ್ದು ‘ಡೆರ್’ ಆಗಿಯೇ ಉಳಿಯುತ್ತದೆ. ನಿನ್ನೆ ಒಬ್ಬಳು ಅತ್ತೇಬಿಟ್ಟಳು. ಎಲ್ಲರಿಗಿಂತ ಹೆಚ್ಚು ಓದುವ ಹುಡುಗಿ.

ಕಾರ್ಡಿನ ಹಿಂಬದಿಯಲ್ಲಿ ಇಡೀ ವಾಕ್ಯ ಬರೆಸಲೇ? ವಿಭಕ್ತಿಗೆ ಬೇರೆ ಕಾರ್ಡು ಮಾಡಿಸಲೇ? ಕಲಿಸಿದವರು, ಕಲಿತವರು ದಯವಿಟ್ಟು ತಿಳಿಸಿ.