ಮೊದಲ ಹಾಫ್ ಮ್ಯಾರಥಾನ್: ಓಡುವಾಗ ಪ್ರಾರ್ಥನೆ ನಿಮಗೆ ಹೇಗೆ ನೆರವಾಯಿತು?

ಕೇಳಿದವರು

ಎಲ್ಲರಿಗೂ ವಂದನೆ. ಇನ್ನು ಮೂರು ತಿಂಗಳಿಗೆ ನನ್ನ ಮೊದಲ ಹಾಫ್ ಮ್ಯಾರಥಾನ್ ಇದೆ, ಅಂದರೆ ಸುಮಾರು 21 ಕಿ.ಮೀ. ಓಟ. ಹತ್ತು ಕಿ.ಮೀ. ಓಡುತ್ತೇನೆ. ಹನ್ನೆರಡು ದಾಟಿದರೆ ಕಾಲಿಗಿಂತ ಮೊದಲು ಮನಸ್ಸು ಸೋಲುತ್ತದೆ. 'ಸಾಕು, ನಿಲ್ಲಿಸು' ಅನ್ನುವುದು ಬಿಟ್ಟು ಬೇರೇನೂ ತಲೆಯಲ್ಲಿ ಇರುವುದಿಲ್ಲ. ಜೀವನದ ಕಷ್ಟಗಳಲ್ಲಿ ನನ್ನ ಕೈ ಹಿಡಿದದ್ದು ಪ್ರಾರ್ಥನೆಯೇ. ಆದರೆ ಓಡುತ್ತಾ ಎರಡು ಮಾತು ಪ್ರಾರ್ಥಿಸುವಷ್ಟರಲ್ಲಿ ಏದುಸಿರು ಬರುತ್ತದೆ, ಗಮನವೂ ತಪ್ಪುತ್ತದೆ. ಓಟ ಇರುವುದು ಭಾನುವಾರ ಬೆಳಿಗ್ಗೆ, ಚರ್ಚಿನ ಆರಾಧನೆಯ ಹೊತ್ತಿಗೆ. ಅದೂ ಒಂದು ಸಂಕಟ. ಒಂದು ಓಟಕ್ಕೋಸ್ಕರ ದೇವರ ಬಲ ಕೇಳುವುದು ಸರಿಯಾ ಅಂತಲೂ ಅನ್ನಿಸುತ್ತದೆ. ಓಡಿದವರು ನಿಮ್ಮ ಅನುಭವ ಹೇಳಿ.

ಬಹಳ ವರ್ಷದಿಂದ ಓಡುತ್ತಿರುವವರು

ಸಿಸ್ಟರ್, ನಿಮ್ಮ ಕೊನೆಯ ಪ್ರಶ್ನೆಯಿಂದಲೇ ಶುರು ಮಾಡುತ್ತೇನೆ. ಖಂಡಿತ ಕೇಳಬಹುದು. ಕೊರಿಂಥದ ಹತ್ತಿರ ಎರಡು ವರ್ಷಕ್ಕೊಮ್ಮೆ ಇಸ್ತ್ಮಿಯ ಕ್ರೀಡೆಗಳು ನಡೆಯುತ್ತಿದ್ದವು. ಗೆದ್ದವರಿಗೆ ಸಿಗುತ್ತಿದ್ದದ್ದು ಬಾಡಿಹೋಗುವ ಎಲೆಯ ಕಿರೀಟ. ಆ ಊರಿನ ಕ್ರೈಸ್ತ ಸಭೆಗೆ ಬರೆದ, ಬೈಬಲಿನಲ್ಲಿರುವ ಮೊದಲ ಪತ್ರದ ಒಂಬತ್ತನೇ ಅಧ್ಯಾಯದಲ್ಲಿ ಅಪೊಸ್ತಲ ಪೌಲನು ಓಟಗಾರರನ್ನೇ ಉದಾಹರಣೆಯಾಗಿ ತರುತ್ತಾನೆ. ಓಟ ಅಲ್ಪವಾದದ್ದು ಅಂತ ಅವನು ತಳ್ಳಿಹಾಕಲಿಲ್ಲ. ಬಾಡುವ ಕಿರೀಟಕ್ಕೇ ಇವರು ಇಷ್ಟು ಶಿಸ್ತಿನಿಂದ ಇರುತ್ತಾರಲ್ಲ, ಬಾಡದ ಕಿರೀಟಕ್ಕೆ ನಾವು ಎಷ್ಟು ಶಿಸ್ತಿನಿಂದ ಇರಬೇಕು ಅಂತ ಕೇಳಿದ. ಆ ಶಿಸ್ತಿಗೆ ಬಲ ಕೇಳುವುದರಲ್ಲಿ ಸಂಕೋಚ ಬೇಡ.

ಆದರೆ ಆ ಬಲ ಯಾವ ದಿನ ಬೇಕು ಅಂತ ಯೋಚಿಸಿ. ಓಟದ ದಿನಕ್ಕಿಂತ ಜಾಸ್ತಿ ಬೇಕಾಗುವುದು ಅದರ ಹಿಂದಿನ ಹನ್ನೆರಡು ವಾರಗಳಲ್ಲಿ. ಬೆಳಿಗ್ಗೆ ಎದ್ದೇಳಲು, ಮಳೆಯಲ್ಲಿ ಹೊರಡಲು, ನಿಧಾನ ಓಡಬೇಕಾದ ದಿನ ನಿಧಾನವಾಗಿಯೇ ಓಡಲು. ನನ್ನ ಅನುಭವದಲ್ಲಿ ದೇವರು ಜಾಸ್ತಿ ಉತ್ತರ ಕೊಟ್ಟದ್ದು ಈ ಸಣ್ಣ ಸಣ್ಣ ಪ್ರಾರ್ಥನೆಗಳಿಗೆ.

ಈಗ ಆ ಹನ್ನೆರಡನೇ ಕಿಲೋಮೀಟರಿನ ವಿಷಯ. ಎರಡು ಮಾತಿಗೇ ಏದುಸಿರು ಬರುತ್ತದೆ ಅಂದಿರಿ. ನನಗೆ ಮುಖ್ಯವಾಗಿ ಕಂಡದ್ದು ಆ ಮಾತೇ. ಇದು ಮನಸ್ಸಿನ ಸೋಲಲ್ಲ, ನೀವು ಜೋರಾಗಿ ಓಡುತ್ತಿದ್ದೀರಿ. ದೂರದ ಓಟಕ್ಕೆ ಅಭ್ಯಾಸ ಮಾಡುವಾಗ ಪೂರ್ತಿ ವಾಕ್ಯ ಮಾತಾಡಲು ಆಗುವ ವೇಗದಲ್ಲೇ ಓಡಬೇಕು ಅಂತ ಕೋಚ್‌ಗಳು ಹೇಳುತ್ತಾರೆ. ನಿಮಗೆ ಇದನ್ನು ಅಳೆಯಲು ಗಡಿಯಾರವೂ ಬೇಡ. ಕರ್ತನ ಪ್ರಾರ್ಥನೆಯನ್ನು, ಅಂದರೆ ಯೇಸು ಕಲಿಸಿದ ಪ್ರಾರ್ಥನೆಯನ್ನು, ಬಾಯಿಬಿಟ್ಟು ಹೇಳಿ. ವಾಕ್ಯದ ನಡುವೆ ಉಸಿರು ತುಂಡಾದರೆ ವೇಗ ಇಳಿಸಿ. ಪೂರ್ತಿ ಹೇಳಲು ಆಗುವ ತನಕ ಇಳಿಸಿ, ನಡೆದರೂ ಪರವಾಗಿಲ್ಲ. ಶುರುವಿನಲ್ಲಿ ಬಹಳ ನಿಧಾನ ಅನ್ನಿಸುತ್ತದೆ. ಕೆಲವು ವಾರ ಹೀಗೆ ಓಡಿ ನೋಡಿ, ಹನ್ನೆರಡು ದಾಟುವುದು ಇಷ್ಟು ಕಷ್ಟ ಆಗುವುದಿಲ್ಲ.

ವಾರಕ್ಕೊಮ್ಮೆ ದೂರದ ಓಟ, ಉಳಿದ ದಿನಗಳಲ್ಲಿ ಎರಡು ಮೂರು ಸಣ್ಣ ಓಟ. ದೂರದ ಓಟಕ್ಕೆ ವಾರಕ್ಕೆ ಒಂದು, ಹೆಚ್ಚೆಂದರೆ ಒಂದೂವರೆ ಕಿ.ಮೀ. ಸೇರಿಸುತ್ತಾ ಹೋಗಿ. ಮೂರು ನಾಲ್ಕು ವಾರಕ್ಕೊಮ್ಮೆ ಇಳಿಸಿ, ಮೈಗೆ ವಿಶ್ರಾಂತಿ ಕೊಡಿ. ಓಟಕ್ಕೆ ಮೊದಲು 17, 18 ಕಿ.ಮೀ. ಓಡಿದ್ದರೆ ಸಾಕು, 21 ಓಡಿ ನೋಡಲೇಬೇಕು ಅಂತೇನಿಲ್ಲ. ಕೊನೆಯ ಹತ್ತು ದಿನ ಓಟ ಕಡಿಮೆ ಮಾಡಿ. ಆ ದಿನಗಳಲ್ಲಿ ಸುಮ್ನೆ ಕೂರುವುದೇ ಕಷ್ಟ, ಏನೋ ಬಿಟ್ಟುಹೋಯಿತು ಅನ್ನಿಸುತ್ತದೆ. ತಯಾರಿ ಮುಗಿದಿದೆ ಅಂತ ನಂಬಿ ವಿಶ್ರಾಂತಿ ತೆಗೆದುಕೊಳ್ಳಿ.

ಪ್ರಾರ್ಥನೆಗೂ ಅಭ್ಯಾಸ ಬೇಕು. ಹೊಸ ಶೂ ಹಾಕಿಕೊಂಡು ಓಟಕ್ಕೆ ಹೋಗಬೇಡಿ ಅಂತ ಎಲ್ಲರೂ ಹೇಳುತ್ತಾರೆ, ಪ್ರಾರ್ಥನೆಯ ವಿಷಯದಲ್ಲಿ ನಾನೂ ಅದನ್ನೇ ಹೇಳುತ್ತೇನೆ. ಹದಿನೇಳನೇ ಕಿಲೋಮೀಟರಿನಲ್ಲಿ ಹೊಸ ಮಾತು ಹೊಳೆಯುವುದಿಲ್ಲ. ನಾಲಿಗೆಗೆ ಮೊದಲೇ ರೂಢಿಯಾದದ್ದು ಮಾತ್ರ ಬರುತ್ತದೆ. ಪೂರ್ವ ದೇಶಗಳ ಆರ್ಥೊಡಾಕ್ಸ್ ಸಭೆಗಳಲ್ಲಿ ಶತಮಾನಗಳಿಂದ ಒಂದು ಚಿಕ್ಕ ಪ್ರಾರ್ಥನೆಯನ್ನು ಉಸಿರಿನ ಜೊತೆ ಹೇಳುವ ರೂಢಿ ಇದೆ. ಉಸಿರು ಒಳಗೆ ಹೋಗುವಾಗ 'ಕರ್ತನಾದ ಯೇಸುವೇ', ಹೊರಗೆ ಬರುವಾಗ 'ನನ್ನನ್ನು ಕರುಣಿಸು'. ನಾನು ದೂರದ ಓಟಗಳಲ್ಲಿ ಇದನ್ನೇ ಹೇಳುತ್ತೇನೆ. ಮೊದಮೊದಲು ಬರೀ ಬಾಯಿಪಾಠ ಅನ್ನಿಸಬಹುದು. ಗಮನ ಹತ್ತು ಸಲ ತಪ್ಪುತ್ತದೆ. ತಪ್ಪಿದ್ದು ಗೊತ್ತಾದಾಗ ಬೇಜಾರಿಲ್ಲದೆ ಮತ್ತೆ ಅಲ್ಲಿಗೇ ಬನ್ನಿ. ಹಾಗೆ ಮತ್ತೆ ಮತ್ತೆ ಬರುವುದೂ ಪ್ರಾರ್ಥನೆಯೇ.

ಜಪಸರ ಹಿಡಿದು ಓಡುವವರು

ನಾನು ಕಥೋಲಿಕ. ನನ್ನ ವಿಧಾನ ಬೇರೆ. ಜಪಸರದಲ್ಲಿ ಸಂತೋಷ, ಬೆಳಕು, ದುಃಖ, ಮಹಿಮೆ ಅಂತ ನಾಲ್ಕು ಗುಂಪು ರಹಸ್ಯಗಳಿವೆ, ಅಂದರೆ ಜಪಿಸುವಾಗ ಧ್ಯಾನಿಸುವ ಯೇಸು ಮತ್ತು ಮರಿಯಳ ಜೀವನದ ಘಟನೆಗಳು, ಒಂದೊಂದರಲ್ಲಿ ಐದು. ಬೆಳಕಿನ ರಹಸ್ಯಗಳನ್ನು 2002ರಲ್ಲಿ ಎರಡನೇ ಜಾನ್ ಪಾಲ್ ಪೋಪ್ ಸೇರಿಸಿದರು. ಅಲ್ಲಿಗೆ ಒಟ್ಟು ಇಪ್ಪತ್ತು. ಓಟ 21.0975 ಕಿ.ಮೀ. ಕಿಲೋಮೀಟರಿಗೆ ಒಂದು ರಹಸ್ಯ ಅಂತ ಇಟ್ಟುಕೊಂಡರೆ ಇಪ್ಪತ್ತಕ್ಕೆ ಇಪ್ಪತ್ತು ಸರಿಹೋಗುತ್ತದೆ. ಉಳಿದ ಒಂದು ಕಿಲೋಮೀಟರ್ ಕೃತಜ್ಞತೆಗೆ.

ಇದರಲ್ಲಿ ನನಗೆ ತುಂಬ ಹಿಡಿಸಿದ ಒಂದು ವಿಷಯ ಇದೆ. ಈ ಕ್ರಮದಲ್ಲಿ ಹೋದರೆ ದುಃಖದ ರಹಸ್ಯಗಳು ಹನ್ನೊಂದರಿಂದ ಹದಿನೈದರವರೆಗೆ ಬರುತ್ತವೆ. ನೀವು ಹೇಳಿದ ಆ ಕಷ್ಟದ ಜಾಗ ಅದೇ ಅಲ್ವಾ? ಯೇಸು ಸಂಕಟಪಟ್ಟು ಪ್ರಾರ್ಥಿಸಿದ ಗೆತ್ಸೆಮನೆ ತೋಟದಲ್ಲಿ ಶುರುವಾಗಿ ಶಿಲುಬೆಯಲ್ಲಿ ಮುಗಿಯುತ್ತದೆ. ಅಲ್ಲಿ ನಾನು ನನ್ನ ನೋವನ್ನು ಮರೆಯಲು ನೋಡುವುದಿಲ್ಲ, ಅದನ್ನು ಆತನ ಮುಂದೆ ಇಡುತ್ತೇನೆ. ಹದಿನಾರಕ್ಕೆ ಪುನರುತ್ಥಾನ ಬರುತ್ತದೆ. ಆ ಹೊತ್ತಿಗೆ ಮುಖದಲ್ಲಿ ನಗು ಬಂದದ್ದೂ ಉಂಟು.

ಉದ್ದದ ಸರ ಕೈಗೆ ಸಿಕ್ಕಿಕೊಳ್ಳುತ್ತದೆ. ಮಣಿಯಂಥ ಹತ್ತು ಉಬ್ಬು ಇರುವ ಉಂಗುರ ಸಿಗುತ್ತದೆ, ಬೆರಳಿಗೆ ಹಾಕಿಕೊಳ್ಳಿ. ಅದೂ ಇಲ್ಲದಿದ್ದರೆ ಹತ್ತು ಬೆರಳು ಇದ್ದೇ ಇವೆ.

ನರ್ಸ್ ಆಗಿರುವ ಓಟಗಾರ್ತಿ

ಮೇಲೆ ಹೇಳಿದ್ದೆಲ್ಲ ಒಳ್ಳೆಯದೇ. ನಾನು ಸ್ವಲ್ಪ ಕಟುವಾಗಿ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. 'ದೇವರು ನಡೆಸುತ್ತಾನೆ' ಅಂತ ನೋವನ್ನು ನುಂಗಿಕೊಂಡು ಓಡುವ ವಿಶ್ವಾಸಿಗಳನ್ನು ನಾನು ನೋಡಿದ್ದೇನೆ. ದೇಹವು ಪವಿತ್ರಾತ್ಮನ ಆಲಯ ಅಂತ ಹೇಳಿದವನೂ ಅದೇ ಪೌಲನು.

ಸ್ನಾಯುಗಳೆಲ್ಲ ಭಾರವಾಗುವುದು, ಸುಸ್ತಾಗುವುದು ಸಹಜ. ಆದರೆ ಮೂಳೆಯ ಮೇಲೆ ಒಂದೇ ಜಾಗದಲ್ಲಿ ಒತ್ತಿದರೆ ನೋವು, ಓಡಿದಷ್ಟೂ ಜಾಸ್ತಿಯಾಗುವ ನೋವು, ಕುಂಟುವಂತೆ ಮಾಡುವ ನೋವು ಬಂದರೆ ನಿಲ್ಲಿಸಿ. ಆಮೇಲೆ ವೈದ್ಯರಿಗೆ ತೋರಿಸಿ. ಎದೆ ಹಿಡಿದುಕೊಂಡರೆ, ತಲೆ ತಿರುಗಿದರೆ, ದಿಕ್ಕು ತೋಚದಂತಾದರೆ ಅಲ್ಲೇ ನಿಂತು ವೈದ್ಯಕೀಯ ತಂಡವನ್ನು ಕರೆಯಿರಿ. ಓಟದ ಬೆಳಿಗ್ಗೆ ಮುಂಜಾಗ್ರತೆಗೆ ಅಂತ ಐಬುಪ್ರೊಫೇನ್‌ನಂಥ ನೋವಿನ ಮಾತ್ರೆ ನುಂಗಬೇಡಿ. ಬೆವರಿ ನೀರು ಕಡಿಮೆಯಾದ ದೇಹದಲ್ಲಿ ಅದು ಕಿಡ್ನಿಗೆ ಕಷ್ಟ ಕೊಡುತ್ತದೆ. ನೀರನ್ನೂ ಬಾಯಾರಿದಾಗ ಕುಡಿಯಿರಿ. ಹೆದರಿ ಹೆದರಿ ಅತಿಯಾಗಿ ಕುಡಿದರೆ ರಕ್ತದಲ್ಲಿ ಸೋಡಿಯಂ ಇಳಿದು ಪ್ರಾಣಕ್ಕೇ ಅಪಾಯ ಆಗಬಹುದು.

ಉಪವಾಸದ ವಿಷಯವನ್ನೂ ಇಲ್ಲೇ ಹೇಳಿಬಿಡುತ್ತೇನೆ. ಈಸ್ಟರ್‌ಗೆ ಮೊದಲಿನ ತಪಸ್ಸು ಕಾಲದಲ್ಲಿ ತಯಾರಿ ಬಂದರೆ ಉಪವಾಸದ ದಿನ ದೂರದ ಓಟ ಇಟ್ಟುಕೊಳ್ಳಬೇಡಿ. ಒಂದೂವರೆ ಗಂಟೆ ಮೀರುವ ಓಟದಲ್ಲಿ ಗಂಟೆಗೆ 30ರಿಂದ 60 ಗ್ರಾಂ ಕಾರ್ಬೊಹೈಡ್ರೇಟ್ ಒಳಗೆ ಹೋಗಬೇಕು ಅನ್ನುವುದು ಸಾಮಾನ್ಯ ಲೆಕ್ಕ. ನಿಮ್ಮ ಹೊಟ್ಟೆಗೆ ಏನು ಒಗ್ಗುತ್ತದೆ ಅಂತ ಅಭ್ಯಾಸದ ಓಟಗಳಲ್ಲೇ ನೋಡಿಕೊಳ್ಳಿ.

ಬೈಬಲಿನ ಪ್ರವಾದಿ ಎಲೀಯನ ಕಥೆ ನೆನಪಿದೆಯಾ? ಕರ್ಮೆಲ್ ಬೆಟ್ಟದಿಂದ ಇಜ್ರೇಲ್ ಊರಿನವರೆಗೆ ಅಹಾಬ ರಾಜನ ರಥದ ಮುಂದೆ ಓಡಿದ. ಅಲ್ಲಿನ ದೂರ ಹಾಫ್ ಮ್ಯಾರಥಾನ್‌ಗಿಂತ ಕಡಿಮೆಯೇನಿಲ್ಲ. ಕರ್ತನ ಹಸ್ತ ಅವನ ಮೇಲೆ ಇತ್ತು ಅಂತ ಬರೆದಿದೆ. ಮುಂದಿನ ಅಧ್ಯಾಯ ತೆಗೆದು ನೋಡಿ. ಅದೇ ಮನುಷ್ಯ ಮರುಭೂಮಿಯಲ್ಲಿ ಒಂದು ಗಿಡದ ಕೆಳಗೆ ಬಿದ್ದು, ಸಾಕಪ್ಪಾ, ನನ್ನ ಪ್ರಾಣ ತೆಗೆದುಕೋ ಅನ್ನುತ್ತಾನೆ. ಆಗ ಬಂದ ದೇವದೂತ ಅವನಿಗೆ ಉಪದೇಶ ಮಾಡಲಿಲ್ಲ. ರೊಟ್ಟಿ ಕೊಟ್ಟ, ನೀರು ಕೊಟ್ಟ, ಮಲಗಲು ಬಿಟ್ಟ. ಮತ್ತೆ ಎಬ್ಬಿಸಿ, ಮುಂದಿನ ದಾರಿ ದೂರ ಇದೆ, ತಿನ್ನು ಅಂದ. ರೋಗಿಗಳಿಗೂ ಓಟಗಾರರಿಗೂ ನಾನು ಈ ಅಧ್ಯಾಯ ಓದಲು ಹೇಳುತ್ತೇನೆ. ನಿದ್ದೆ, ಊಟ, ನೀರು ಇವೂ ದೇವರು ಕೊಡುವ ಬಲವೇ.

ಸಭೆಯ ಹಿರಿಯರೊಬ್ಬರು

ಭಾನುವಾರದ ಬಗ್ಗೆ ಯಾರೂ ಹೇಳಲಿಲ್ಲ. ಸ್ಕಾಟ್ಲೆಂಡಿನ ಓಟಗಾರ ಎರಿಕ್ ಲಿಡ್ಡೆಲ್ ಅವರ ಹೆಸರು ಈ ಮಾತಿಗೆ ಬಂದೇ ಬರುತ್ತದೆ. 1924ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ 100 ಮೀಟರ್ ಹೀಟ್ಸ್, ಅಂದರೆ ಮೊದಲ ಸುತ್ತು, ಭಾನುವಾರ ಇದ್ದದ್ದರಿಂದ ಅವರು ಅದರಲ್ಲಿ ಓಡಲಿಲ್ಲ. ಹಟಾತ್ತನೆ ಮಾಡಿದ ತೀರ್ಮಾನ ಅಲ್ಲ ಅದು, ವೇಳಾಪಟ್ಟಿ ಗೊತ್ತಾದಾಗಲೇ, ತಿಂಗಳುಗಳ ಮೊದಲೇ ಮಾಡಿದ್ದು. ಆ ಸಮಯವನ್ನು 400 ಮೀಟರಿನ ತಯಾರಿಗೆ ಕೊಟ್ಟರು. 47.6 ಸೆಕೆಂಡಿನಲ್ಲಿ ಓಡಿ ಚಿನ್ನ ಗೆದ್ದರು. ಮರುವರ್ಷವೇ ಮಿಷನರಿಯಾಗಿ ಚೀನಾಕ್ಕೆ ಹೋದರು. 1945ರಲ್ಲಿ ಜಪಾನಿಯರ ಬಂಧನ ಶಿಬಿರದಲ್ಲೇ ತೀರಿಕೊಂಡರು.

ಅವರ ಹಾಗೇ ಮಾಡಬೇಕು ಅಂತ ನಾನು ನಿಮಗೆ ಹೇಳುವುದಿಲ್ಲ. ದಿನಗಳ ವಿಷಯದಲ್ಲಿ ಒಬ್ಬೊಬ್ಬರೂ ತಮ್ಮ ಮನಸ್ಸಿನಲ್ಲಿ ನಿಶ್ಚಯ ಮಾಡಿಕೊಳ್ಳಲಿ ಅನ್ನುವ ಅರ್ಥದ ಮಾತು ರೋಮಾಪುರದವರಿಗೆ ಬರೆದ ಪತ್ರದ 14ನೇ ಅಧ್ಯಾಯದಲ್ಲಿ ಇದೆ. ನೀವು ಓಡಿದರೆ ಸಂಜೆಯ ಆರಾಧನೆಗೆ ಹೋಗಿ. ಕಥೋಲಿಕರಿಗಾದರೆ ಶನಿವಾರ ಸಂಜೆಯ ಬಲಿಪೂಜೆ ಇದೆ. ಮನಸ್ಸು ಒಪ್ಪದಿದ್ದರೆ ಶನಿವಾರ ನಡೆಯುವ ಬೇರೆ ಓಟ ಹುಡುಕಿ. ಏನೇ ಇರಲಿ, ಈಗಲೇ ತೀರ್ಮಾನಿಸಿ, ನಿಮ್ಮ ಪಾಸ್ಟರ್‌ಗೂ ತಿಳಿಸಿ. ಅರ್ಧ ಮನಸ್ಸಿನಲ್ಲಿ ಓಡಿದರೆ ಓಟವೂ ಇಲ್ಲ, ಆರಾಧನೆಯೂ ಇಲ್ಲ ಅನ್ನುವ ಹಾಗಾಗುತ್ತದೆ.

ಮುಗಿಸಲಾಗದೆ ನಿಂತವರು

ಇದನ್ನು ಹೇಳಬೇಕೋ ಬೇಡವೋ ಅಂತ ಯೋಚಿಸಿದೆ. ಒಂದು ಓಟದಲ್ಲಿ, ಮುಗಿಯಲು ಇನ್ನು ಸ್ವಲ್ಪವೇ ದೂರ ಇದ್ದಾಗ, ಮಂಡಿ ಹಿಡಿದುಕೊಂಡು ನಾನು ನಿಲ್ಲಬೇಕಾಯಿತು. ತಯಾರಿ ಚೆನ್ನಾಗಿತ್ತು, ಪ್ರಾರ್ಥನೆಯೂ ಇತ್ತು, ಸಭೆಯವರೆಲ್ಲ ನನಗಾಗಿ ಬೇಡಿಕೊಂಡಿದ್ದರು. ರಸ್ತೆ ಪಕ್ಕ ಕೂತು ತುಂಬ ಅತ್ತೆ. ದೇವರು ಯಾಕೆ ಕೇಳಲಿಲ್ಲ ಅನ್ನಿಸಿತು. ಆ ಪ್ರಶ್ನೆ ಒಂದು ದಿನಕ್ಕೆ ಹೋಗಲೂ ಇಲ್ಲ.

ಆಗ ನನ್ನ ಗೆಳತಿಯೊಬ್ಬಳು ಪೌಲನು ತನ್ನನ್ನು ಕಾಡಿದ ಒಂದು ಕಷ್ಟವನ್ನು ಮುಳ್ಳು ಅಂತ ಕರೆದು ಬರೆದ ಭಾಗವನ್ನು ಜೊತೆಗೆ ಕೂತು ಓದಿದಳು. ಮೂರು ಸಲ ಬೇಡಿಕೊಂಡರೂ ಆ ಮುಳ್ಳು ಹೋಗಲಿಲ್ಲ, ಕೃಪೆ ಮಾತ್ರ ಸಿಕ್ಕಿತು. ಅಮೆರಿಕದ ರಯಾನ್ ಹಾಲ್ ಬಗ್ಗೆಯೂ ಅವಳೇ ಹೇಳಿದಳು. ತಮ್ಮ ಕ್ರೈಸ್ತ ನಂಬಿಕೆಯನ್ನು ಬಹಿರಂಗವಾಗಿ ಹೇಳುತ್ತಾ ಬಂದ ಓಟಗಾರ ಅವರು. 2007ರಲ್ಲಿ ಹ್ಯೂಸ್ಟನ್‌ನಲ್ಲಿ 59 ನಿಮಿಷ 43 ಸೆಕೆಂಡಿನಲ್ಲಿ ಹಾಫ್ ಮ್ಯಾರಥಾನ್ ಮುಗಿಸಿದರು. ಅಂಥವರು 2016ರ ಆರಂಭದಲ್ಲಿ, 33ನೇ ವಯಸ್ಸಿಗೇ, ದೇಹ ತೀರಾ ದಣಿದು ಸ್ಪರ್ಧೆಯಿಂದ ನಿವೃತ್ತರಾದರು. ಅವರ ನಂಬಿಕೆ ಕಡಿಮೆಯಾಗಿತ್ತು ಅಂತ ಯಾರಿಂದ ಹೇಳಲು ಆಗುತ್ತದೆ?

ಅದಕ್ಕೇ ಹೇಳುತ್ತೇನೆ ಅಕ್ಕಾ, 'ಮುಗಿಸುವ ಹಾಗೆ ಮಾಡು' ಅಂತ ಬೇಡಿಕೊಳ್ಳಿ, ಅದರಲ್ಲಿ ತಪ್ಪಿಲ್ಲ. ಆದರೆ ಪದಕ ಸಿಕ್ಕರೆ ದೇವರು ಜೊತೆಗಿದ್ದಾನೆ, ಸಿಗದಿದ್ದರೆ ಇಲ್ಲ ಅನ್ನುವ ಲೆಕ್ಕ ಇಟ್ಟುಕೊಳ್ಳಬೇಡಿ. ನಾನು ಮತ್ತೆ ಓಡಿದೆ, ಮುಗಿಸಿದೆ. ಆದರೂ ದೇವರು ಹತ್ತಿರ ಇದ್ದಾನೆ ಅಂತ ನನಗೆ ಜಾಸ್ತಿ ಗೊತ್ತಾದದ್ದು ಆ ರಸ್ತೆ ಪಕ್ಕದಲ್ಲೇ.

ನಿಧಾನ ಓಡುವವರು

ನಾನು ಯಾವಾಗಲೂ ಕೊನೆಯ ಗುಂಪಿನಲ್ಲಿ. ಓಡುವುದು, ನಡೆಯುವುದು, ಮತ್ತೆ ಓಡುವುದು. ನೀವು ಹೆಸರು ಕೊಡುವ ಮೊದಲು ಓಟ ಎಷ್ಟು ಹೊತ್ತಿನೊಳಗೆ ಮುಗಿಸಬೇಕು ಅನ್ನುವ ನಿಯಮ ನೋಡಿಕೊಂಡಿದ್ದೀರಾ? ಇಲ್ಲದಿದ್ದರೆ ಇವತ್ತೇ ನೋಡಿ. ಆ ಚಿಂತೆ ತಲೆಯಲ್ಲಿದ್ದರೆ ಪ್ರಾರ್ಥನೆಯೂ ಓಡುವುದಿಲ್ಲ.

ನನಗೆ ದೊಡ್ಡ ನೆರವು ಅಂದರೆ ಹೆಸರುಗಳು. ಹಿಂದಿನ ರಾತ್ರಿ ಒಂದು ಚೀಟಿಯಲ್ಲಿ ಕಿಲೋಮೀಟರಿಗೆ ಒಬ್ಬರಂತೆ ಹೆಸರು ಬರೆಯುತ್ತೇನೆ. ಆ ಕಿಲೋಮೀಟರ್ ಪೂರ್ತಿ ಅವರಿಗಾಗಿ ಪ್ರಾರ್ಥನೆ. ಮೊದಲ ಭಾಗದಲ್ಲಿ ಮನೆಯವರು, ಸ್ನೇಹಿತರು. ಹದಿನಾಲ್ಕರ ಮೇಲೆ ಕಾಯಿಲೆಯಲ್ಲಿ ಇರುವವರು, ಮನೆಯವರನ್ನು ಕಳೆದುಕೊಂಡವರು. ನಾನು ಇನ್ನೂ ಕ್ಷಮಿಸಲು ಒದ್ದಾಡುತ್ತಿರುವ ಒಬ್ಬರ ಹೆಸರೂ ಅಲ್ಲೇ ಇರುತ್ತದೆ. 'ಸಾಕು, ನಿಲ್ಲಿಸು' ಅನ್ನುವ ಮಾತು ಬರುವಾಗ ನಾನು ನನ್ನ ಬಗ್ಗೆಯೇ ಯೋಚಿಸುತ್ತಿರುತ್ತೇನೆ. ಇನ್ನೊಬ್ಬರ ಹೆಸರು ಬಾಯಿಗೆ ಬಂದರೆ ಆ ಮಾತಿನ ಜೋರು ಕಡಿಮೆಯಾಗುತ್ತದೆ. ಯಾರಿಗಾಗಿ ಓಡಿದ್ದೀರೋ ಅವರಿಗೆ ಆಮೇಲೆ ತಿಳಿಸಿ. ಕೀಮೋ ತೆಗೆದುಕೊಳ್ಳುತ್ತಿದ್ದ ಒಬ್ಬ ಅಣ್ಣ, ಹದಿನೆಂಟನೇ ಕಿಲೋಮೀಟರ್ ನನ್ನದು ಅಂತ ಎಲ್ಲರಿಗೂ ಹೇಳಿಕೊಂಡು ಬಂದರು.

ಕೇಳಿದವರು

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಓದುತ್ತಾ ಕಣ್ಣು ತುಂಬಿಬಂತು. ಇವತ್ತು ಬೆಳಿಗ್ಗೆ ಕರ್ತನ ಪ್ರಾರ್ಥನೆ ಬಾಯಿಬಿಟ್ಟು ಹೇಳುತ್ತಾ ಓಡಿ ನೋಡಿದೆ. ನನ್ನ ಮಾಮೂಲಿ ವೇಗದಲ್ಲಿ ಅರ್ಧಕ್ಕೂ ಹೋಗಲಿಲ್ಲ! ವೇಗ ಇಳಿಸಿದ ಮೇಲೆ ಪೂರ್ತಿ ಬಂತು. ಪಾಸ್ಟರ್ ಹತ್ತಿರ ಈ ವಾರ ಮಾತಾಡುತ್ತೇನೆ. ಒಂದೇ ಪ್ರಶ್ನೆ ಉಳಿದಿದೆ: ಕಿವಿಗೆ ಹಾಡು ಹಾಕಿಕೊಂಡು ಓಡಬಹುದಾ?

ಬಹಳ ವರ್ಷದಿಂದ ಓಡುತ್ತಿರುವವರು

ಅಭ್ಯಾಸದಲ್ಲಿ ಭಕ್ತಿಗೀತೆ ಕೇಳುವುದು ಒಳ್ಳೆಯದೇ, ಒಂದು ಕಿವಿಗೆ ಮಾತ್ರ ಹಾಕಿ, ಗಾಡಿಗಳ ಸದ್ದು ಕೇಳಿಸಬೇಕು. ಕೆಲವು ಓಟಗಳಲ್ಲಿ ಇಯರ್‌ಫೋನ್ ಬಿಡುವುದಿಲ್ಲ, ನಿಯಮ ನೋಡಿಕೊಳ್ಳಿ. ಇನ್ನೊಂದು ಗಮನಿಸಿ: ಜೋರು ತಾಳದ ಹಾಡು ಬಂದರೆ ಕಾಲು ತಾನಾಗಿ ವೇಗ ಏರಿಸುತ್ತದೆ. ಮೊದಲ ಐದು ಕಿ.ಮೀ. ಯಾವ ಹಾಡೂ ಬೇಡ. ಇವತ್ತು ಮಾಡಿದ ಹಾಗೆ ಕರ್ತನ ಪ್ರಾರ್ಥನೆ ಹೇಳುತ್ತಾ ವೇಗ ಸರಿ ಮಾಡಿಕೊಳ್ಳಿ. ಮುಂದಿನ ದೂರದ ಓಟ ಹದಿಮೂರು ಕಿ.ಮೀ. ಇಟ್ಟುಕೊಳ್ಳಿ, ಹೇಗಾಯಿತು ಅಂತ ಬರೆಯಿರಿ. ನಿಮ್ಮ ಹೆಸರನ್ನು ನನ್ನ ಪ್ರಾರ್ಥನೆಯಲ್ಲಿ ಇಟ್ಟುಕೊಂಡಿದ್ದೇನೆ.